ಹೊಸ್ತಿಲ ಕೆಳಗಿನ ಎರಡು ಹಕ್ಕಿಗಳು

ಅವರನ್ನು ಮೊದಲ ಸಲ ಮನೆಗೆ ಕರೆದವರು ಸ್ವಲ್ಪ ಬೇಸರ ಮಾಡಿಕೊಳ್ಳುವುದು ಸಹಜವಾಗಿತ್ತು. ಬಾಗಿಲಿಗೆ ಬಂದ ಮನುಷ್ಯ ಕ್ಷೇಮಸಮಾಚಾರ ಕೇಳಬೇಕು, ಒಳಗೆ ಬಂದು ಕೂರಬೇಕು. ಇವರು ಬಗ್ಗಿ ಹೊಸ್ತಿಲು ನೋಡುತ್ತಿದ್ದರು. ನಮ್ಮ ಮನೆಗೆ ಬಂದ ದಿನವೂ ಅಷ್ಟೆ. ನನ್ನ ಹೆಂಡತಿ ಕಾಫಿ ಹಿಡಿದುಕೊಂಡು ನಿಂತಿದ್ದಾಳೆ, ಇವರು ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಈ ಪದ್ಮಕ್ಕೆ ಏಳೇ ಎಸಳು ಉಂಟಲ್ಲ, ಯಾಕೆ?" ಎಂದು ಕೇಳಿದರು.

"ಆಚಾರಿಗೆ ಜಾಗ ಸಾಲಲಿಲ್ಲ ಅಂತ ಕಾಣ್ತದೆ" ಎಂದಳು ಅವಳು.

ಅವರು ಚಪ್ಪಾಳೆ ತಟ್ಟಿ ನಕ್ಕರು. "ಇದು ನೋಡಿ ಸರಿಯಾದ ಉತ್ತರ! ನಿಮ್ಮ ಯಜಮಾನ್ರನ್ನು ಕೇಳಿದ್ರೆ ಏಳು ಲೋಕ, ಏಳು ಸಮುದ್ರ ಅಂತ ಒಂದು ಗಂಟೆ ಹೇಳ್ತಿದ್ರು." ಅಂದಿನಿಂದ ನನ್ನ ಹೆಂಡತಿ ಅವರ ಪಕ್ಷ.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಅವರು ಇತಿಹಾಸ ಹೇಳುತ್ತಿದ್ದರು, ನಾನು ಕನ್ನಡ. ಅಧ್ಯಾಪಕರ ಕೋಣೆಯಲ್ಲಿ ನಮ್ಮಿಬ್ಬರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಹುಡುಗರು ಅವರಿಗೆ 'ಮಾಟ ಸರ್' ಎಂದು ಹೆಸರಿಟ್ಟಿದ್ದರು. ಅವರು ಮಾಟ ಮಾಡುತ್ತಿದ್ದರು ಎಂದಲ್ಲ. ಯಂತ್ರ, ತಗಡು, ಚಕ್ರ, ಮುದ್ರೆ ಎಂದು ಜನ ಹೆದರಿ ದೂರ ನಿಲ್ಲುವ ಗೆರೆಗಳನ್ನೆಲ್ಲ ಅವರು ಹತ್ತಿರ ಹೋಗಿ ಓದುತ್ತಿದ್ದರು, ಅಷ್ಟೆ. ಹೆಸರು ಅವರ ಕಿವಿಗೂ ಬಿದ್ದಿತ್ತು. "ಒಳ್ಳೆಯದಾಯ್ತು, ಕ್ಲಾಸಿನಲ್ಲಿ ಗಲಾಟೆ ಕಡಿಮೆ" ಎನ್ನುತ್ತಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರು. ಇಲ್ಲಿ ಅವರ ಹೆಸರು ಬರೆದಿಲ್ಲ. ಯಾಕೆಂದು ಕೊನೆಯವರೆಗೆ ಓದಿದವರಿಗೆ ತಿಳಿಯುತ್ತದೆ.

ಅವರ ಕಪ್ಪುಹಲಗೆ ಎಂದರೆ ಹೋಟೆಲಿನ ಮೇಜು. ನೀರಿನ ಲೋಟದಲ್ಲಿ ಬೆರಳು ಅದ್ದಿ ಮಾತಿನ ನಡುವೆ ಗೆರೆ ಎಳೆಯುತ್ತಲೇ ಇರುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಸಪ್ಲೈಯರ್ ಬಟ್ಟೆ ಹಿಡಿದುಕೊಂಡು ಬಂದು, "ಸರ್, ನಿಮ್ಮ ಮಾಟ ಅಳಿಸ್ತೇನೆ, ಬನ್ಸ್ ಇಡ್ಲಿಕ್ಕುಂಟು" ಎನ್ನುವನು. ಇವರು ಕೈ ಎತ್ತಿ ದಾರಿ ಬಿಡುವರು. ಬನ್ಸ್ ಬಂದ ಮೇಲೆ ಚಹಾದ ಹನಿಯಲ್ಲಿ ಮತ್ತೆ ಶುರು.

ಒಮ್ಮೆ ಕ್ಲಾಸಿನಲ್ಲಿ ಆರು ಮೂಲೆಯ ನಕ್ಷತ್ರ ಬರೆದು, ಇದು ಯಾರದ್ದು ಎಂದು ಕೇಳಿದರಂತೆ. ಜೈನರ ಹುಡುಗಿಯೊಬ್ಬಳು ಬಸದಿಯ ಕಂಬದಲ್ಲಿ ಉಂಟು ಎಂದಳು. ಬ್ಯಾರಿ ಮುಸ್ಲಿಮರ ಹುಡುಗ ಎದ್ದು, "ನಮ್ಮ ಊರಿನ ಹಳೆ ಪಳ್ಳಿಯ ಬಾಗಿಲಲ್ಲಿ ಉಂಟು ಸರ್, ಸುಲೈಮಾನ್ ನೆಬಿಯ ಮುದ್ರೆ ಅಂತ ಅಜ್ಜ ಹೇಳ್ತಾರೆ" ಎಂದ. ಬೆಳ್ತಂಗಡಿಯ ಕಡೆಯ ಭಟ್ಟರ ಹುಡುಗ ಬಿಟ್ಟಾನೆಯೇ, ಷಟ್ಕೋನ ನಮ್ಮದು ಎಂದ. ಎರಡು ನಿಮಿಷದಲ್ಲಿ ಕ್ಲಾಸು ಬಂಟ್ವಾಳದ ಸಂತೆಯಾಯಿತು. ಕೊನೆಗೆ ಇವರು, "ಮೂರೂ ಕಡೆ ಕೊರೆದವ ಯಾರು? ಆಚಾರಿ. ಅವನ ಕೈಯಲ್ಲಿ ಒಂದು ಉಳಿ, ತಲೆಯಲ್ಲಿ ಒಂದು ನಕ್ಷತ್ರ. ದೇವರು ಯಾರೆಂಬುದು ಕೆಲಸ ಕೊಟ್ಟವರಿಗೆ ಬಿಟ್ಟದ್ದು" ಎಂದರು. ಆಮೇಲೆ ಪಾಠ ಹೇಳಿದರು: ಮೇಲ್ಮುಖದ ತ್ರಿಕೋನ ಬೆಂಕಿ, ಕೆಳಮುಖದ್ದು ನೀರು, ಒಂದರೊಳಗೊಂದು ಹೊಕ್ಕರೆ ಸೃಷ್ಟಿ ಎಂದು ತಂತ್ರದವರು, ಭೂತಪಿಶಾಚಿಗಳನ್ನು ಅಂಕೆಯಲ್ಲಿಟ್ಟ ಉಂಗುರದ ಗುರುತು ಎಂದು ಅರಬರು, ಬಹಳ ಶತಮಾನಗಳ ಮೇಲೆ ಯಹೂದಿಗಳ ಗುರುತು. "ಚಿಹ್ನೆ ಅಂದ್ರೆ ಬಾಡಿಗೆ ಮನೆ. ಅರ್ಥ ಬಾಡಿಗೆದಾರ. ಒಬ್ಬ ಖಾಲಿ ಮಾಡಿ ಹೋದ ಮೇಲೆ ಇನ್ನೊಬ್ಬ ಸಾಮಾನು ತೆಗೆದುಕೊಂಡು ಬರ್ತಾನೆ. ಗೋಡೆ ಅದೇ." ಆ ವರ್ಷದ ಉತ್ತರಪತ್ರಿಕೆಗಳಲ್ಲಿ ಬಾಡಿಗೆ ಮನೆ ಎಷ್ಟು ಬಂತೆಂದರೆ ಮೌಲ್ಯಮಾಪನ ಮಾಡಿದವರು ಕಂಗಾಲಾಗಿದ್ದರು.

ಅವರದೇ ಒಂದು ಸಿದ್ಧಾಂತವೂ ಇತ್ತು. ಎಲ್ಲ ಗುಪ್ತಚಿಹ್ನೆಗಳ ಮೂಲ ಬೇಲಿ. ಐದು ಮೂಲೆಯ ನಕ್ಷತ್ರವನ್ನು ಕೈ ಎತ್ತದೆ ಬರೆಯಬಹುದು. ಗೆರೆಗೆ ಸಂದು ಇಲ್ಲದ್ದರಿಂದ ಕೆಟ್ಟದ್ದು ನುಗ್ಗಲು ದಾರಿಯಿಲ್ಲ ಎಂದು ಹಿಂದಿನವರು ನಂಬಿದರು. ಬಸದಿಯ ಕಂಬದ ಮೇಲೆ ಆದಿ ಅಂತ್ಯ ಕಾಣದ ಹಾವಿನ ಗಂಟು ಇರುವುದೂ, ತುಳಸಿಕಟ್ಟೆಯ ಸುತ್ತ ಬಿಳಿ ಶೇಡಿಮಣ್ಣಿನಲ್ಲಿ ಎಳೆದ ಗೆರೆ ಎಲ್ಲೂ ತುಂಡಾಗಬಾರದು ಎಂದು ಹೆಂಗಸರು ಹೇಳುವುದೂ ಅದಕ್ಕೇ. "ಮನುಷ್ಯನಿಗೆ ದೇವರಿಗಿಂತ ಮೊದಲು ಹೆದರಿಕೆ ಬಂತು ಮಾರಾಯ್ರೆ. ಹೆದರಿಕೆ ಬಂದ ಕೂಡ್ಲೆ ಬೇಲಿ ಹಾಕಿದ. ಮುಳ್ಳು ಸಿಗದ ಕಡೆ ಗೆರೆ ಹಾಕಿದ." ಇದನ್ನು ಹೇಳುವಾಗ ಅವರ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ. ಹೆದರಿದವರ ಬಗ್ಗೆ ಅವರಿಗೆ ನಿಜವಾದ ಮರುಕವಿತ್ತು.

ಮರುಕವಿದ್ದರೂ ಅರ್ಥದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡುವ ಮನುಷ್ಯ ಅಲ್ಲ. ಬಂಟ್ವಾಳದವರೊಬ್ಬರು ಅಂಗಳ ಅಗೆಯುವಾಗ ಸಿಕ್ಕಿತೆಂದು ಪ್ಲಾಸ್ಟಿಕ್ ಚೀಲದಲ್ಲಿ ಏನನ್ನೋ ತುಳಸಿ ಎಲೆಗಳ ನಡುವೆ ಹೂತು, ಕೋಲಿನ ತುದಿಗೆ ಸಿಕ್ಕಿಸಿಕೊಂಡು ತಂದಿದ್ದರು. ನಕ್ಷತ್ರದ ಗುರುತಿದ್ದ ಕೆಂಪು ಚೂರು. ಮನೆಯವರಿಗೆ ಮೂರು ದಿನದಿಂದ ಅನ್ನ ಇಳಿದಿರಲಿಲ್ಲ. ಇವರು ಬರಿಗೈಯಲ್ಲಿ ತೆಗೆದು ತಿರುಗಿಸಿ, "ಹಂಚು. ಇದು ಕಾರ್ಖಾನೆಯವರ ಗುರುತು. ಮಳೆ ನೀರು ಒಳಗೆ ಬಾರದ ಹಾಗೆ ಮಾಡಿದ ಮಾಟ" ಎಂದರು. ಬಂದವರು ನಕ್ಕು ಹೋದರು. ನಗದೆ ಹೋದವರೂ ಇದ್ದಾರೆ. ಹೋಟೆಲ್ ಇಟ್ಟು ದೊಡ್ಡವರಾದ ಒಬ್ಬರು ತಮ್ಮ ಜಾಗದಲ್ಲಿ ಬಾಣ ಕೊರೆದ ಕಲ್ಲು ಸಿಕ್ಕಿದ್ದಕ್ಕೆ ಸುತ್ತ ಕಟ್ಟೆ ಕಟ್ಟಿಸಿ, ದೀಪ ಇಟ್ಟು, ರಾಮಬಾಣದ ಕಲ್ಲು ಎಂದು ನಾಲ್ಕು ಮಾತು ಹೇಳಿ ಎಂದು ಇವರನ್ನು ಕಾರಿನಲ್ಲಿ ಕರೆಸಿಕೊಂಡಿದ್ದರು. ಇವರು ಎಲ್ಲರೆದುರು, "ಇದು ಹಿಂದೆ ಸರ್ವೆಯವರು ಹಾಕಿದ ಗುರುತು. ನಿಮ್ಮ ಗಡಿ ಇಲ್ಲಿಗೆ ಮುಗೀತದೆ" ಎಂದರು. ಬರುವಾಗ ಬಸ್ಸಿನಲ್ಲಿ ಬಂದರು.

"ಅಷ್ಟು ಪ್ರೀತಿಯಿಂದ ಕರೆದಿದ್ರು, ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು" ಎಂದೆ.

"ಅರ್ಥ ಇದ್ದ ಹಾಗೆ ಹೇಳ್ಬೇಕು. ಕೇಳುವವರ ಮುಖ ನೋಡಿ ಹೇಳಿದ್ರೆ ನನಗೂ ಕವಡೆ ಇಟ್ಟು ಭವಿಷ್ಯ ಹೇಳುವವರಿಗೂ ಎಂತ ವ್ಯತ್ಯಾಸ?"

ಹೀಗೆ ಹೇಳಿದ ಮನುಷ್ಯ ನನ್ನೆದುರೇ ಒಂದು ದಿನ ಮುಖ ನೋಡಿ ಅರ್ಥ ಹೇಳಿದರು. ಅವರ ಚಿತ್ರ ಬರೆಯುವಾಗ ಅದನ್ನು ಬಿಟ್ಟರೆ ನಾನು ಬರೆದದ್ದಕ್ಕೆ ಬೆಲೆಯಿಲ್ಲ.

ಮೆಲ್ಕಾರಿನ ಆಚೆ ನನ್ನ ಹೆಂಡತಿಯ ದೊಡ್ಡಮ್ಮನ ಮನೆ. ಅವಳಿಗೆ ದೊಡ್ಡಮ್ಮಂದಿರು ಬೇಕಾದಷ್ಟಿದ್ದಾರೆ, ಯಾವ ಮನೆ ಎಂದು ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳಬೇಡಿ. ಇಬ್ಬರು ಗಂಡುಮಕ್ಕಳು. ದೊಡ್ಡವನು ಟೆಂಪೋ ಇಟ್ಟುಕೊಂಡು ಊರಲ್ಲೇ ಇದ್ದ, ಸಣ್ಣವನು ಮಸ್ಕತ್ತಿನಲ್ಲಿ. ಇಬ್ಬರು ಸೊಸೆಯರೂ ಮನೆಯಲ್ಲೇ. ದೊಡ್ಡ ಸೊಸೆಗೆ ಎರಡು ಮಕ್ಕಳು. ಸಣ್ಣ ಸೊಸೆ ಕೊಕ್ಕಡದ ಕಡೆಯ ರಬ್ಬರ್ ಕೃಷಿಕರ ಮಗಳು, ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮೆಟ್ಟಿಲಿಗೆ ಗ್ರಾನೈಟ್ ಹಾಕಲು ಹೊಸ್ತಿಲ ಬುಡ ಒಡೆದಾಗ ಅಂಗೈಯಗಲದ ತಾಮ್ರದ ತಗಡು ಸಿಕ್ಕಿತು. ಕೆಲಸದವರು ಪಿಕಾಸು ಬಿಟ್ಟು ಓಡಿದರು. ಸಣ್ಣ ಸೊಸೆ ಬಂದ ಮೇಲೆ ದನ ಹಾಲು ಬತ್ತಿಸಿಕೊಂಡದ್ದು, ಟೆಂಪೋ ಪಲ್ಟಿಯಾದದ್ದು ಎಲ್ಲವನ್ನೂ ದೊಡ್ಡಮ್ಮ ಒಟ್ಟು ಸೇರಿಸಿದರು. ತಗಡು ಓದಿಸಲೆಂದು ಅವರು ಕರೆಸಿ, ಇವರೂ ನಾನೂ ಹೋಗುವಾಗ ಚಾವಡಿಯ ಮೂಲೆಯಲ್ಲಿ ಆ ಹುಡುಗಿಯ ಬ್ಯಾಗು ಕಟ್ಟಿ ಇಡಲಾಗಿತ್ತು. ಕರೆದುಕೊಂಡು ಹೋಗಲು ಅವಳ ಅಣ್ಣ ಹೊರಟಾಗಿತ್ತು. ಮಸ್ಕತ್ತಿಗೆ ಫೋನೂ ಹೋಗಿತ್ತು. ಅಮ್ಮ ಹೇಳಿದ ಹಾಗೆ ಆಗಲಿ ಎಂದನಂತೆ ಆ ಗಂಡ. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. 

"ಉಂದು ದಾದ ಮಾಷ್ಟ್ರೆ, ಓದುಲೆ" ಎಂದು ತುಳುವಿನಲ್ಲಿ, ಇದೇನೆಂದು ಓದಿ ಹೇಳಲು ಕೇಳುತ್ತ ದೊಡ್ಡಮ್ಮ ಬಾಳೆ ಎಲೆಯಲ್ಲಿದ್ದ ತಗಡನ್ನು ಮುಂದಕ್ಕೆ ತಳ್ಳಿದರು. "ಇವಳ ಊರಿನವರದ್ದೇ ಕೆಲಸ, ನನಗೆ ಗೊತ್ತುಂಟು. ನಿಮ್ಮ ಬಾಯಲ್ಲಿ ಬಂದ್ರೆ ನಾಲ್ಕು ಜನ ಒಪ್ತಾರೆ."

ಅವರು ತಗಡನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಮಣ್ಣು ಉಜ್ಜಿದರು. ಯಾವತ್ತೂ ಥಟ್ಟನೆ ಹೇಳಿಬಿಡುವವರು ಅಂದು ತುಂಬ ಹೊತ್ತು ತೆಗೆದುಕೊಂಡರು. ಆಮೇಲೆ ತಗಡನ್ನು ಹಿಡಿದುಕೊಂಡೇ ಎಲ್ಲರ ನಡುವೆ ಬಂದು ಕೂತರು.

"ಇದು ರಕ್ಷೆ."

ದೊಡ್ಡಮ್ಮ ತಗಡಿನ ಮೇಲೆ ಬಗ್ಗಿದರು.

"ಹೊರಗಿನ ಚೌಕ ನೋಡಿ, ಅದು ನಿಮ್ಮ ಮನೆ. ನಾಲ್ಕು ದಿಕ್ಕಿಗೂ ಬಾಗಿಲುಂಟು. ಒಳಗೆ ಎರಡು ಹಕ್ಕಿ, ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾವೆ. ಯಾಕೆ ಹೇಳಿ? ಒಂದು ಅಂಗಳ ಕಾಯ್ತದೆ, ಒಂದು ಒಳಮನೆ ಕಾಯ್ತದೆ. ಮುಖಕ್ಕೆ ಮುಖ ಕೊಟ್ಟು ಕೂತ್ರೆ ಕಾಯುವುದು ಹೇಗೆ? ಪಟ್ಟಾಂಗ ಹೊಡೀತವೆ ಅಷ್ಟೆ. ಇದನ್ನು ಮನೆಗೆ ಬರುವ ಹೆಣ್ಣುಮಕ್ಕಳು ಚೆನ್ನಾಗಿರಲಿ ಅಂತ ಇಡಿಸುವುದು."

"ಅಕ್ಷರ ಎಂತ ಉಂಟು?" ದೊಡ್ಡ ಸೊಸೆ ಕೇಳಿದಳು.

"ಮಲಯಾಳದ್ದು. ಬೀಜಾಕ್ಷರ. ಬಾಯಿಬಿಟ್ಟು ಓದುವ ಕ್ರಮ ಇಲ್ಲ."

ದೊಡ್ಡಮ್ಮ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಆ ಮೆಟ್ಲು ಕಟ್ಟಿದ್ದು ಸಣ್ಣವನ ಮದುವೆಯ ಮೇಲೆ ಮಾಷ್ಟ್ರೆ. ಹಳೆಯ ರಕ್ಷೆ ಅದರ ಕೆಳಗೆ ಹೇಗೆ ಬಂತು?"

"ಮೆಟ್ಲು ಹೊಸತು, ಹೊಸ್ತಿಲು ಹಳೆಯದ್ದಲ್ವಾ ಅಮ್ಮ? ಕಟ್ಟಿದ ಮೇಸ್ತ್ರಿ ಇದನ್ನು ಕಂಡು ಹೆದರಿ, ಇದ್ದಲ್ಲೇ ಬಿಟ್ಟು ಮೇಲಿಂದ ಸಿಮೆಂಟು ಹಾಕಿರ್ತಾನೆ. ಇಡಿಸಿದ್ದು ನಿಮ್ಮ ಅತ್ತೆಯೋ, ಅವರ ಅತ್ತೆಯೋ."

ದೊಡ್ಡಮ್ಮ ತಮ್ಮ ಅತ್ತೆಯನ್ನು ನೆನೆದು ಕಣ್ಣಿಗೆ ಸೆರಗು ಒತ್ತಿಕೊಂಡರು. ಬದುಕಿದ್ದಾಗ ಆ ಅತ್ತೆಯನ್ನು ಅವರು ನೆನೆದ ರೀತಿ ಬೇರೆ ಇತ್ತೆಂದು ನನ್ನ ಹೆಂಡತಿ ಹೇಳುತ್ತಾಳೆ. ಆಮೇಲೆ ಕಂಬದ ಕಡೆ ತಿರುಗಿ, "ಬ್ಯಾಗು ಒಳಗೆ ಇಡು. ಅಣ್ಣನಿಗೆ ಫೋನ್ ಮಾಡು, ಬರುವುದು ಬೇಡ ಅಂತ" ಎಂದರು. ಕ್ಷಮೆ ಗಿಮೆ ಏನೂ ಇಲ್ಲ.

ಎದ್ದು ಹೊರಡುವಾಗ ಇವರು, "ಅಮ್ಮ, ಒಮ್ಮೆ ಹೊರಗೆ ಬಂದದ್ದನ್ನು ನೇತ್ರಾವತಿಗೆ ಬಿಡುವ. ಹೋಗುವಾಗ ನಾನೇ ಬಿಡ್ತೇನೆ" ಎಂದರು.

"ಎಂತ ಮಾತು ಮಾಷ್ಟ್ರೆ! ಮಾಟ ಆಗಿದ್ರೆ ಹೊಳೆಗೆ ಸರಿ. ರಕ್ಷೆಯನ್ನು ಯಾರಾದ್ರೂ ಹೊಳೆಗೆ ಬಿಡ್ತಾರಾ? ದೇವರ ಕೋಣೆಯಲ್ಲಿ ಇಡುವ. ದಿನಾ ದೊಡ್ಡವಳು ದೀಪ ಇಡ್ಲಿ."

ತಮ್ಮದೇ ಮಾತಿನಲ್ಲಿ ಇವರು ಸಿಕ್ಕಿಬಿದ್ದಿದ್ದರು. ತಗಡು ದೇವರ ಕೋಣೆಗೆ ಹೋಯಿತು, ನಾವು ಮೆಲ್ಕಾರಿಗೆ ಬಂದೆವು.

ಹೋಟೆಲಿನಲ್ಲಿ ಚಹಾ ಬಂತು. ಅವರು ಬೆರಳನ್ನು ನೀರಿಗೆ ಅದ್ದಿ ಮೇಜಿನ ಮೇಲೆ ಆ ಎರಡು ಹಕ್ಕಿ ಬರೆದರು.

"ಒಂದು ಕಾಗೆ, ಒಂದು ಗೂಬೆ. ಹಗಲಿನದ್ದು, ರಾತ್ರಿಯದ್ದು. ಎರಡಕ್ಕೂ ಒಟ್ಟಿಗೆ ಇರುವ ಹೊತ್ತೇ ಇಲ್ಲ. ವಿದ್ವೇಷಣ ಅಂತ ಹೇಳ್ತಾರೆ. ಗಂಡ ಹೆಂಡತಿಯನ್ನು ಅಗಲಿಸ್ಲಿಕ್ಕೆ ಹಾಕಿಸುವುದು. ಆ ಹುಡುಗಿಯ ಹೆಸರೂ ಗಂಡನ ಹೆಸರೂ ಮಲಯಾಳದಲ್ಲಿ ಬಿಡಿಸಿ ಬರೆದದ್ದುಂಟು."

ನಾನು ಚಹಾ ಕೆಳಗಿಟ್ಟೆ. "ಹಾಕಿಸಿದ್ದು ಯಾರು?"

"ಅದನ್ನು ಬರೆದಿಲ್ಲ." ಮೇಜಿನ ಹಕ್ಕಿಗಳನ್ನು ನೋಡುತ್ತ ಹೇಳಿದರು, "ಎಲ್ಲರೂ ತಗಡು ನೋಡ್ತಿದ್ರು. ದೊಡ್ಡ ಸೊಸೆ ನನ್ನ ಮುಖ ನೋಡ್ತಿದ್ಲು. ಎಂತ ಹೆದರಿಕೆಯೋ ಅವಳಿಗೆ. ನಿಜ ಹೇಳಿದ್ರೆ ಆ ಬ್ಯಾಗು ಒಳಗೆ ಹೋಗ್ತಿತ್ತು, ಇನ್ನೊಂದು ಬ್ಯಾಗು ಹೊರಗೆ ಬರ್ತಿತ್ತು. ಎರಡು ಮಕ್ಕಳ ಸಮೇತ."

"ಸಾವಿರ ಸುಳ್ಳು ಹೇಳಿ ಮದುವೆ ಮಾಡು ಅಂತಾರೆ. ನೀವು ಒಂದೇ ಸುಳ್ಳಿನಲ್ಲಿ ಎರಡು ಮದುವೆ ಉಳಿಸಿದ್ರಿ" ಎಂದೆ. ಅವರಿಗೆ ನಗು ಬರಲಿಲ್ಲ. ಸಪ್ಲೈಯರ್ ಬರುವ ಮೊದಲೇ ತಾವೇ ಕೈಯಿಂದ ಮೇಜು ಒರೆಸಿದರು.

ಅಲ್ಲಿಂದ ಮುಂದೆ ಅವರನ್ನು ನೋಡಿದರೆ ನನಗೆ ಒಮ್ಮೆ ನಗು, ಒಮ್ಮೆ ಸಂಕಟ. ಗೆರೆಗೆ ಶಕ್ತಿಯಿಲ್ಲ ಎಂದು ಜೀವಮಾನವಿಡೀ ಹೇಳಿದವರು, ನಾನು ಮೆಲ್ಕಾರಿಗೆ ಹೋಗಿ ಬಂದೆ ಎಂದ ಕೂಡಲೇ ಕುರ್ಚಿ ಎಳೆದುಕೊಂಡು ಬರುತ್ತಿದ್ದರು. "ಗಂಡ ಫೋನ್ ಮಾಡ್ತಾನಂತಾ? ಅವಳಿಗೇ ಮಾಡ್ತಾನಾ, ಅಮ್ಮನಿಗಾ?" ನಾನು ಕಾಲೆಳೆಯುತ್ತಿದ್ದೆ: "ಮಾಟ ಸರ್ ಮಾಟಕ್ಕೆ ಹೆದರುವುದಾ?"

"ಗೆರೆಗೆ ಎಂತ ಹೆದರುವುದು ಮಾರಾಯ್ರೆ? ನಾನು ತಪ್ಪು ಓದಿದ್ದೇನೆ, ಅದಕ್ಕೆ ಹೆದರ್ತೇನೆ. ಹೊಟ್ಟೆಕಿಚ್ಚಿನ ಎದುರು ದಿನಾ ಎಣ್ಣೆದೀಪ ಇಡಿಸಿದ್ದೇನೆ. ಹಾಕಿಸಿದವಳೇ ಇಡಬೇಕು, ಯಾರಿಗೆ ಅಂತ ಹಾಕಿದ್ದೋ ಅವಳು ಕೈ ಮುಗೀಬೇಕು. ಅವರಿಬ್ಬರಿಗೆ ನಾನು ಮಾಡಿದ್ದು ಉಪಕಾರವಾ?"

ಬಾಡಿಗೆ ಮನೆಯ ಮಾತನ್ನು ಅವರಿಗೇ ಹಿಂತಿರುಗಿಸಿ ನೋಡಿದೆ. ಹಳೆಯ ಬಾಡಿಗೆದಾರ ಬಿಟ್ಟು ಹೋಗಿದ್ದಾನೆಂದು ಖಾತ್ರಿ ಏನು ಎಂದರು.

ಮಸ್ಕತ್ತಿನವನು ರಜೆಯಲ್ಲಿ ಬಂದ. ಮತ್ತೆರಡು ವರ್ಷಕ್ಕೆ ಪೂರ್ತಿಯಾಗಿ ಬಂದು ಮೆಲ್ಕಾರಿನಲ್ಲಿ ಮೊಬೈಲ್ ಅಂಗಡಿ ತೆರೆದ. ಅವರಿಗೊಂದು ಹೆಣ್ಣುಮಗು ಹುಟ್ಟಿದ ಸುದ್ದಿ ನಾನು ತಂದ ದಿನ ಇವರು ಅಧ್ಯಾಪಕರ ಕೋಣೆಗೆಲ್ಲ ಲಾಡು ಹಂಚಿದರು. ಯಾಕೆಂದು ಕೇಳಿದವರಿಗೆ, "ಸುಮ್ಮನೆ, ಬಾಯಿ ಸಿಹಿಯಾಗ್ಲಿ" ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಮಾತ್ರ ಕಂಡೆ.

ಆದರೂ ಆ ತಗಡು ಅವರನ್ನು ಬಿಡಲಿಲ್ಲ. ನಿವೃತ್ತರಾಗಿ, ಕಾಯಿಲೆ ಬಿದ್ದು, ಮಾತು ಕಡಿಮೆಯಾದ ಮೇಲೂ ನಾನು ಹೋದಾಗಲೆಲ್ಲ ಅದೇ. "ಹೇಗಾದ್ರೂ ಮಾಡಿ ಹೊಳೆಗೆ ಬಿಡಿಸಿ. ಮಲಯಾಳ ಓದುವವರು ಯಾರಾದ್ರೂ ಆ ಮನೆಗೆ ಬಂದ್ರೆ ಎಂತ ಮಾಡುವುದು? ಒಂದು ಹೆಸರು ಓದಿದ್ರೆ ಸಾಕು." ದೊಡ್ಡಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಹೋಗಿ ದೊಡ್ಡ ಸೊಸೆಯನ್ನು ಕೇಳಿದೆ. ಅದು ಹೋದರೆ ಎಲ್ಲರಿಗಿಂತ ಹೆಚ್ಚು ನಿರಾಳವಾಗಬೇಕಾದವಳು ಅವಳೇ. ಅವಳು ತಲೆ ಬಗ್ಗಿಸಿ, "ಅದು ಇರ್ಲಿ ಭಾವ. ನಾನು ದೀಪ ಇಡ್ತೇನಲ್ಲ" ಎಂದಳು. ಬಂದು ಹೇಳಿದಾಗ ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಅದಾಗಿ ಕೆಲವೇ ದಿನ ಇದ್ದದ್ದು. ಆ ಚಿಂತೆಯನ್ನು ಇಟ್ಟುಕೊಂಡೇ ಹೋದರು.

ಉತ್ತರಕ್ರಿಯೆಯ ಊಟಕ್ಕೆ ಮೆಲ್ಕಾರಿನಿಂದ ಸಣ್ಣ ಸೊಸೆಯೊಬ್ಬಳೇ ಮಗಳನ್ನು ಕರೆದುಕೊಂಡು ಬಂದಿದ್ದಳು. ಊಟವಾಗಿ ನಾನು ನಳ್ಳಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತಳು.

"ಭಾವ, ಸರ್ ಅಂದು ಹೇಳಿದ್ದು ಸುಳ್ಳಲ್ವಾ?"

ನಾನು ಸರಿದು ನಳ್ಳಿಯನ್ನು ಮಗುವಿಗೆ ಬಿಟ್ಟುಕೊಟ್ಟೆ.

"ನನಗೆ ಮಲಯಾಳ ಓದ್ಲಿಕ್ಕೆ ಬರ್ತದೆ. ಕೊಕ್ಕಡದಲ್ಲಿ ನಮ್ಮ ಪಕ್ಕದ ತೋಟದವರು ಮಲಯಾಳಿಗಳು. ಅವರ ಮನೆಯಲ್ಲೇ ಆಡಿ ಬೆಳೆದದ್ದು, ಅವರ ವಾರಪತ್ರಿಕೆ ಓದ್ತಿದ್ದೆ." ಅವಳು ಮಗಳ ಕೈ ತೊಳೆಸುತ್ತ ಹೇಳಿದಳು. "ನೀವು ಅತ್ತ ಹೋದ ಮೇಲೆ ಅತ್ತೆ ತಗಡನ್ನು ನನ್ನ ಕೈಗೇ ಕೊಟ್ರು, ಹುಳಿ ಹಾಕಿ ತಿಕ್ಕಿ ತಾ ಅಂತ. ತಿಕ್ಕಿದ ಹಾಗೆ ನನ್ನ ಹೆಸರು ಎದ್ದು ಬಂತು. ಆಮೇಲೆ ಇವರದ್ದು. ಕೊರೆದದ್ದಲ್ವಾ, ತಿಕ್ಕಿದ್ರೆ ಹೋಗುವುದಿಲ್ಲ. ಅದರ ಮೇಲೆ ಕುಂಕುಮ ಹಚ್ಚಿ ಅತ್ತೆಗೆ ಕೊಟ್ಟೆ. ಈಗಲೂ ದಿನಾ ಮೊದಲು ನಾನು ಹೋಗಿ ಕುಂಕುಮ ಹಚ್ಚಿ ಬರ್ತೇನೆ. ಮತ್ತೆ ಅಕ್ಕ ದೀಪ ಇಡ್ತಾರೆ."

"ಅಕ್ಕನಿಗೆ ಗೊತ್ತುಂಟಾ, ನಿನಗೆ ಗೊತ್ತಿದೆ ಅಂತ?"

"ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ. ಹೆರಿಗೆಯಲ್ಲಿ ನನ್ನನ್ನು ನೋಡಿಕೊಂಡದ್ದು ಅವರೇ."

ನನಗೆ ತಟ್ಟನೆ ಸಿಟ್ಟು ಬಂತು. ಗೋಡೆಯ ಕಡೆ ತಿರುಗಿ ಮಲಗಿದ್ದ ಆ ಬೆನ್ನು ಕಣ್ಣಿಗೆ ಬಂತು. "ಅದನ್ನು ಅವರಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ತಿ! ಎಷ್ಟು ವರ್ಷ ನಿನ್ನದೇ ಚಿಂತೆಯಲ್ಲಿ ನಿದ್ದೆಗೆಟ್ಟರು ಗೊತ್ತುಂಟಾ? ನೀನು ಹೇಳಿದ್ರೆ ಆ ಮನುಷ್ಯ ನೆಮ್ಮದಿಯಲ್ಲಿ ಸಾಯ್ತಿದ್ರು."

ಅವಳು ಮಗಳ ಕೈ ಒರೆಸಿ, ಸೆರಗು ಬಿಟ್ಟಳು. ಅಂದು ಬ್ಯಾಗಿನ ಎದುರು ಅಳದವಳ ಕಣ್ಣು ಈಗ ತುಂಬಿತ್ತು.

"ಹೇಳ್ಬೇಕು ಅಂತ ಎಷ್ಟೋ ಸಲ ಇತ್ತು ಭಾವ. ಹೇಳಿದ್ರೆ ಯಾರು ಹಾಕಿಸಿದ್ದು ಅಂತ ನಾನು ಕೇಳದಿದ್ರೂ, ನನಗೆ ಗೊತ್ತಿಲ್ಲ ಅಂತ ಅವರು ಇನ್ನೊಂದು ಸುಳ್ಳು ಹೇಳ್ಬೇಕಿತ್ತು. ಅಂದು ಅಷ್ಟೂ ಹೊತ್ತು ನನ್ನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ರು. ಆ ಒಂದು ಸುಳ್ಳಿಗೇ ಅವರ ಬೆರಳು ಹೇಗೆ ನಡುಗ್ತಿತ್ತು ಅಂತ ನೀವು ನೋಡ್ಲಿಲ್ಲ. ನಾನು ನೋಡಿದ್ದೆ."